ಕೃತಕ ಸೂರ್ಯನ ಸುದ್ದಿಯಲ್ಲಿ ಅಂಚಿನ ಮಾತೇ ಇಲ್ಲ

ಸಂಪಾದಕರಿಗೆ ನಮಸ್ಕಾರಗಳು.

2025ರ ಜನವರಿಯಲ್ಲಿ ಚೀನಾದ ಹೆಫೆ ನಗರದ ‘ಈಸ್ಟ್’ ಟೋಕಮಕ್, ಪತ್ರಿಕೆಗಳು ‘ಕೃತಕ ಸೂರ್ಯ’ ಎನ್ನುವ ಯಂತ್ರ, ಪ್ಲಾಸ್ಮಾವನ್ನು (ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುವಷ್ಟು ಕಾದ ಅನಿಲವನ್ನು) 1066 ಸೆಕೆಂಡು ಹಿಡಿದಿಟ್ಟಿತು. ಮೂರು ವಾರ ಕಳೆದು ಫೆಬ್ರುವರಿ 12ರಂದು ಫ್ರಾನ್ಸಿನ ‘ವೆಸ್ಟ್’ ಯಂತ್ರ 1337 ಸೆಕೆಂಡು ಮುಟ್ಟಿತು. ಫ್ರಾನ್ಸ್ ಚೀನಾವನ್ನು ಹಿಂದಿಕ್ಕಿತು ಎಂಬ ಧಾಟಿಯಲ್ಲೇ ಸುದ್ದಿ ಹರಿದಾಡಿತು. ಈ ಎರಡು ಓಟಗಳು ಒಂದೇ ಅಂಕಣದಲ್ಲಿ ನಡೆದವಲ್ಲ. ವೆಸ್ಟ್‌ನದು ಸುಮಾರು 2 ಮೆಗಾವಾಟ್ ತಾಪನದಲ್ಲಿ ನಡೆದ, ‘ಎಲ್-ಮೋಡ್’ ಎಂದು ಕರೆಯುವ ಸಾಧಾರಣ ಹಿಡಿತದ ಪ್ಲಾಸ್ಮಾ. ಈಸ್ಟ್‌ನದು ‘ಎಚ್-ಮೋಡ್’, ಅಂದರೆ ಬಿಗಿ ಹಿಡಿತದ್ದು. ಇವೆರಡರ ವ್ಯತ್ಯಾಸವೆಲ್ಲ ಇರುವುದು ಪ್ಲಾಸ್ಮಾದ ಹೊರಗಿನ ಕೆಲವೇ ಸೆಂಟಿಮೀಟರ್ ದಪ್ಪದ ಅಂಚಿನಲ್ಲಿ. ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನದ ವಿದ್ಯುತ್ ಸ್ಥಾವರ ಆಗುತ್ತದೋ ಇಲ್ಲವೋ ಎಂಬುದರ ದೊಡ್ಡ ಪಾಲು ಅಲ್ಲಿಯೇ ತೀರ್ಮಾನವಾಗಬೇಕು. ಆದರೂ ನಮ್ಮ ಪತ್ರಿಕೆಗಳ ವಿಜ್ಞಾನ ಪುಟದಲ್ಲಿ ಕಾಣಿಸುವುದು ನಡುವಿನ ಉಷ್ಣತೆ ಎಷ್ಟು ಕೋಟಿ ಡಿಗ್ರಿ, ಎಷ್ಟು ಸೆಕೆಂಡು ಎಂಬ ಎರಡು ಅಂಕಿಗಳು ಮಾತ್ರ. ಬಿಟ್ಟುಹೋಗುತ್ತಿರುವ ಮೂರನೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಲು ಈ ಪತ್ರ.

ಟೋಕಮಕ್ ಎಂದರೆ ಉದ್ದಿನ ವಡೆಯ ಆಕಾರದ ಉಕ್ಕಿನ ಪಾತ್ರೆ. ಅದರೊಳಗೆ ಕಾಂತಕ್ಷೇತ್ರದ ಗೆರೆಗಳು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿರುತ್ತವೆ. ಪ್ಲಾಸ್ಮಾದ ಕಣಗಳು ಆ ಗೆರೆಗಳ ಗುಂಟ ಸಲೀಸಾಗಿ ಓಡುತ್ತವೆ, ಅಡ್ಡ ದಾಟಲು ತಿಣುಕುತ್ತವೆ. ಒಳಗಿನ ಗೆರೆಗಳೆಲ್ಲ ತಮ್ಮ ಮೇಲೆ ತಾವೇ ಮುಚ್ಚಿಕೊಂಡ ಪದರಗಳು, ಈರುಳ್ಳಿಯ ಹಾಗೆ. ಕೊನೆಯ ಮುಚ್ಚಿದ ಪದರದಾಚೆಗೆ ಗೆರೆಗಳು ತೆರೆದುಕೊಂಡು ಪಾತ್ರೆಯ ತಳಕ್ಕೆ ಇಳಿಯುತ್ತವೆ. ತಳದಲ್ಲಿರುವ, ಶಾಖವನ್ನೂ ಸಮ್ಮಿಳನದಿಂದ ಉಳಿಯುವ ಹೀಲಿಯಂ ‘ಬೂದಿ’ಯನ್ನೂ ತೆಗೆದುಕೊಳ್ಳುವ ಭಾಗಕ್ಕೆ ಡೈವರ್ಟರ್ ಎಂದು ಹೆಸರು. ಆ ಕೊನೆಯ ಮುಚ್ಚಿದ ಪದರದ ಒಳಮೈಗೆ ಅಂಟಿಕೊಂಡಿರುವುದೇ ನಾವು ಹೇಳುತ್ತಿರುವ ಅಂಚು.

1982ರಲ್ಲಿ ಜರ್ಮನಿಯ ಗಾರ್ಚಿಂಗ್‌ನ ಆಸ್‌ಡೆಕ್ಸ್ ಯಂತ್ರದಲ್ಲಿ ಫ್ರಿಟ್ಜ್ ವಾಗ್ನರ್ ಮತ್ತು ಸಂಗಡಿಗರು ತಾಪನವನ್ನು ಒಂದು ಮಿತಿಯಾಚೆಗೆ ಏರಿಸಿದಾಗ ಪ್ಲಾಸ್ಮಾ ಥಟ್ಟನೆ ಬೇರೊಂದು ಸ್ಥಿತಿಗೆ ಜಿಗಿಯಿತು. ಶಕ್ತಿ ಉಳಿಯುವ ಅವಧಿ ಸುಮಾರು ಇಮ್ಮಡಿಯಾಯಿತು. ಕಾರಣ ಅಂಚಿನಲ್ಲಿತ್ತು. ಅಲ್ಲಿ ಒಂದರ ಪಕ್ಕ ಒಂದು ಬೇರೆ ಬೇರೆ ವೇಗದಲ್ಲಿ ಜಾರುವ ಪದರಗಳು ಹುಟ್ಟಿಕೊಂಡು, ಶಾಖವನ್ನು ಹೊರಗೆ ಸಾಗಿಸುತ್ತಿದ್ದ ಸುಳಿಗಳನ್ನು ಕತ್ತರಿಸಿಹಾಕುತ್ತವೆ. ಸುಳಿ ಸತ್ತ ಜಾಗದಲ್ಲಿ ಒತ್ತಡ ಕಡಿದಾಗಿ ಏರುತ್ತದೆ. ಇದಕ್ಕೆ ಪೆಡೆಸ್ಟಲ್ ಎನ್ನುತ್ತಾರೆ. ಕನ್ನಡದಲ್ಲಿ ‘ಜಗಲಿ’ ಎಂದರೆ ಚಿತ್ರ ಸರಿಯಾಗಿ ಕಣ್ಣಿಗೆ ಕಟ್ಟುತ್ತದೆ. ಅಂಗಳದಿಂದ ಒಂದೇ ಮೆಟ್ಟಿಲಿಗೆ ಎತ್ತರ, ಆಮೇಲೆ ಮನೆಯ ಉಳಿದ ನೆಲವೆಲ್ಲ ಆ ಎತ್ತರದ ಮೇಲೆಯೇ ನಿಂತಿರುತ್ತದೆ. ಈ ಪತ್ರದಲ್ಲಿ ನಾವು ಆ ಪದವನ್ನೇ ಬಳಸುತ್ತೇವೆ.

ಮನೆಯ ನೆಲ ಜಗಲಿಯ ಮೇಲೆ ನಿಂತಿದೆ ಎಂಬುದು ಬರೀ ಹೋಲಿಕೆಯ ಮಾತಲ್ಲ. ಪ್ಲಾಸ್ಮಾದ ಒಳಭಾಗದ ಉಷ್ಣತೆಯ ಇಳಿಜಾರು ತೀರ ಹಟಮಾರಿ. ಒಂದು ಮಿತಿಗಿಂತ ಕಡಿದಾಗಿಸಲು ಹೊರಟರೆ ಒಳಗಿನ ಸುಳಿಗಳು ಕೆರಳಿ ಹೆಚ್ಚಿನ ಶಾಖವನ್ನೆಲ್ಲ ಹೊರಕ್ಕೆ ದಾಟಿಸಿಬಿಡುತ್ತವೆ. ಹೀಗಾಗಿ ನಡುವಿನ ಉಷ್ಣತೆ ಹೆಚ್ಚಬೇಕಿದ್ದರೆ ಜಗಲಿಯ ಎತ್ತರವೇ ಹೆಚ್ಚಬೇಕು. ದಕ್ಷಿಣ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಯಂತ್ರ 50 ಮೆಗಾವಾಟ್ ತಾಪನಕ್ಕೆ 500 ಮೆಗಾವಾಟ್ ಸಮ್ಮಿಳನ ಶಕ್ತಿ ಕೊಡಬೇಕೆಂದರೆ ಅದರ ಜಗಲಿಯ ಮೇಲಂಚು ಸುಮಾರು 5 ಕೋಟಿ ಡಿಗ್ರಿ ಇರಬೇಕು. ಪಾತ್ರೆಯೊಳಗಿನ ಕಣಸಾಂದ್ರತೆ ನಾವು ಉಸಿರಾಡುವ ಗಾಳಿಯ ಎರಡೂವರೆ ಲಕ್ಷದಲ್ಲೊಂದು ಪಾಲು ಮಾತ್ರ. ಆದರೂ ಆ ಬಿಸಿಯಲ್ಲಿ ಜಗಲಿಯ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟಾಗುತ್ತದೆ. ಅಷ್ಟನ್ನೂ ಕೆಲವೇ ಸೆಂಟಿಮೀಟರಿನಲ್ಲಿ ಸೊನ್ನೆಯ ಹತ್ತಿರದಿಂದ ಏರಿಸಬೇಕು. ‘10 ಕೋಟಿ ಡಿಗ್ರಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗುವ ಅಂಕಿಗೆ ತಳಪಾಯ ಹಾಕುವುದು ಈ ಅಂಚು.

ಇಷ್ಟು ಕಡಿದಾದ ಇಳಿಜಾರು ಸುಮ್ಮನೆ ಕೂರುವುದಿಲ್ಲ. ಅದನ್ನು ಕೆಡಿಸುವ ಶಕ್ತಿಗಳು ಎರಡು. ಮೊದಲನೆಯದು ಒತ್ತಡ. ವಡೆಯ ಹೊರಮಗ್ಗುಲಿನಲ್ಲಿ ಕಾಂತಕ್ಷೇತ್ರದ ಬಾಗು ಪ್ಲಾಸ್ಮಾಕ್ಕೆ ಪ್ರತಿಕೂಲ. ಸೈಕಲ್ ಟಯರಿನ ದುರ್ಬಲ ಜಾಗದಲ್ಲಿ ಟ್ಯೂಬು ಉಬ್ಬುವಂತೆ ಅಲ್ಲಿ ಪ್ಲಾಸ್ಮಾ ಉಬ್ಬಲು ನೋಡುತ್ತದೆ. ಇದು ಬಲೂನಿಂಗ್. ಎರಡನೆಯದು ವಿದ್ಯುತ್ ಪ್ರವಾಹ. ಒತ್ತಡದ ಇಳಿಜಾರೇ ತನ್ನಷ್ಟಕ್ಕೆ ಅಂಚಿನಲ್ಲಿ ಒಂದು ಪ್ರವಾಹ ಹುಟ್ಟಿಸುತ್ತದೆ. ಬೂಟ್‌ಸ್ಟ್ರ್ಯಾಪ್ ಪ್ರವಾಹ ಎಂಬ ಈ ಹರಿವು ಹೆಚ್ಚಾದರೆ ಹೊರಪದರ ಕಿತ್ತಳೆ ಸಿಪ್ಪೆಯ ಹಾಗೆ ಸುಲಿದುಕೊಳ್ಳುತ್ತದೆ. ಇದಕ್ಕೆ ಪೀಲಿಂಗ್ ಎಂದೇ ಹೆಸರು. ಎರಡೂ ಒಟ್ಟಿಗೆ ಕೆಲಸ ಮಾಡುವುದರಿಂದ ಪೀಲಿಂಗ್-ಬಲೂನಿಂಗ್ ಎಂದು ಜೋಡಿಸಿ ಹೇಳುತ್ತಾರೆ. ಒತ್ತಡದ ಇಳಿಜಾರನ್ನು ಅಡ್ಡಕ್ಕೆ, ಅಂಚಿನ ಪ್ರವಾಹವನ್ನು ಉದ್ದಕ್ಕೆ ಗುರುತಿಸಿ ನಕ್ಷೆ ಬರೆದರೆ ಸುರಕ್ಷಿತ ಪ್ರದೇಶ ಒಂದು ಮೂಲೆಯಲ್ಲಿ ಸಿಗುತ್ತದೆ. ಎರಡೂ ಗಡಿಗಳು ಸೇರುವಲ್ಲಿ ಅದಕ್ಕೊಂದು ಮೂಗು. ಜಗಲಿ ಅತಿ ಎತ್ತರವಾಗುವುದು ಆ ಮೂಗಿನ ತುದಿಯಲ್ಲಿ.

ಯಂತ್ರ ನಡೆಸುವವರಿಗೆ ಈ ನಕ್ಷೆ ನಿತ್ಯದ ಉಪಯೋಗದ್ದು. ಅನಿಲವನ್ನು ಹೆಚ್ಚು ಬಿಟ್ಟರೆ ಅಂಚಿನಲ್ಲಿ ಕಣಗಳ ಡಿಕ್ಕಿ ಹೆಚ್ಚಿ ಬೂಟ್‌ಸ್ಟ್ರ್ಯಾಪ್ ಪ್ರವಾಹ ಕುಗ್ಗುತ್ತದೆ. ಆಗ ಪ್ಲಾಸ್ಮಾ ಬಲೂನಿಂಗ್ ಗಡಿಯ ಕಡೆ ಸರಿಯುತ್ತದೆ, ಎದ್ದೇಳುವ ಅಲೆಗಳು ಸಣ್ಣವು, ಸಂಖ್ಯೆಯಲ್ಲಿ ಹೆಚ್ಚು. ಅನಿಲ ಕಡಿಮೆ, ಬಿಸಿ ಹೆಚ್ಚು ಎಂದಾದರೆ ಪೀಲಿಂಗ್ ಗಡಿ ಎದುರಾಗುತ್ತದೆ, ಅಲೆಗಳು ಅಗಲವಾಗಿರುತ್ತವೆ. ಈಟರ್ ಇರುವುದು ಈ ಎರಡನೆಯ ಕಡೆ. ಇವತ್ತಿನ ಸಣ್ಣ ಯಂತ್ರಗಳಲ್ಲಿ ಅಂಚಿನ ಸಾಂದ್ರತೆ ಮತ್ತು ಅಪರೂಪದ ಡಿಕ್ಕಿಗಳು, ಎರಡನ್ನೂ ಈಟರ್‌ನ ಮಟ್ಟಕ್ಕೆ ಒಟ್ಟಿಗೆ ತರಲು ಬರುವುದಿಲ್ಲ. ಒಂದನ್ನು ಹೊಂದಿಸಿದರೆ ಇನ್ನೊಂದು ತಪ್ಪುತ್ತದೆ. ನಮ್ಮ ಮಟ್ಟಿಗೆ ಈ ವಿಷಯದ ನಿಜವಾದ ತಲೆನೋವು ಇದೇ. ಅಡ್ಡಕೊಯ್ತದಲ್ಲಿ ಪ್ಲಾಸ್ಮಾದ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಇಂಗ್ಲಿಷಿನ ಡಿ ಅಕ್ಷರದಂತೆ ಮೇಲೂ ಕೆಳಗೂ ಒಳಕ್ಕೆ ಬಾಗಿಸಿದಷ್ಟೂ ಸುರಕ್ಷಿತ ಪ್ರದೇಶದ ಮೂಗು ಉದ್ದವಾಗುತ್ತದೆ.

ಗಡಿ ದಾಟಿದರೆ ಆಗುವುದೇನು? ಅಂಚು ಒಡೆದು ಹಗ್ಗದಂಥ ಎಳೆಗಳು ಕಾಂತಗೆರೆಗಳ ಗುಂಟ ಹೊರಕ್ಕೆ ಚಿಮ್ಮುತ್ತವೆ. ಬ್ರಿಟನ್ನಿನ ಮಾಸ್ಟ್ ಯಂತ್ರದ ಅತಿವೇಗದ ಕ್ಯಾಮೆರಾ ಚಿತ್ರಗಳಲ್ಲಿ ಈ ಎಳೆಗಳನ್ನು ಒಂದೊಂದಾಗಿ ಎಣಿಸಬಹುದು. ಈ ಸಿಡಿತಕ್ಕೆ ‘ಎಲ್ಮ್’ ಎಂದು ಹೆಸರು, ಅಂಚಿಗೆ ಸೀಮಿತವಾದ ಅಲುಗಾಟ ಎಂಬುದರ ಮೊದಲಕ್ಷರಗಳು. ಸಿಡಿದ ಕೂಡಲೇ ಒತ್ತಡ ಇಳಿಯುತ್ತದೆ, ಜಗಲಿ ಮತ್ತೆ ಕಟ್ಟಿಕೊಳ್ಳುತ್ತದೆ, ಮತ್ತೆ ಸಿಡಿಯುತ್ತದೆ. ಕುಕ್ಕರ್ ಕೂಗಿದ ಹಾಗೆ. ಡೈವರ್ಟರ್ ಬಳಿ ಹೈಡ್ರೋಜನ್ನಿನ ಕೆಂಪು ಬೆಳಕನ್ನು ಅಳೆಯುವ ಉಪಕರಣದ ಗ್ರಾಫಿನಲ್ಲಿ ಇವು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕಾಣುತ್ತವೆ.

ಈಗಿನ ಯಂತ್ರಗಳು ಈ ಕೂಗನ್ನು ತಡೆದುಕೊಳ್ಳುತ್ತವೆ. ಈಟರ್ ತಡೆದುಕೊಳ್ಳಲಾರದು. ಅದರ ಪ್ಲಾಸ್ಮಾದಲ್ಲಿ ಒಟ್ಟು 350 ಮೆಗಾಜೂಲ್ ಶಾಖಶಕ್ತಿ ಇರುತ್ತದೆ. ಹತೋಟಿ ಇಲ್ಲದ ಒಂದು ದೊಡ್ಡ ಎಲ್ಮ್ ಅದರಲ್ಲಿ ಸುಮಾರು 20 ಮೆಗಾಜೂಲನ್ನು ಹೊರಕ್ಕೆಸೆಯಬಹುದೆಂದು ಅಂದಾಜು. ಇದು ಅರ್ಧ ಕಿಲೋಗಿಂತ ಕಡಿಮೆ ಅಡುಗೆ ಅನಿಲದ ಶಕ್ತಿ. ಒಲೆಯಲ್ಲಿ ಉರಿಸಿದರೆ ಎರಡು ಹೊತ್ತಿನ ಅಡುಗೆ, ಅಷ್ಟೇ. ಆದರೆ ಇಲ್ಲಿ ಅದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ, ಡೈವರ್ಟರಿನ ಕಿರಿದಾದ ಪಟ್ಟಿಯೊಂದರ ಮೇಲೆ ಬೀಳುತ್ತದೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು, ಯಾಕೆಂದರೆ ವಿನ್ಯಾಸದ ಮಿತಿಗಳೆಲ್ಲ ಇದರಿಂದಲೇ ಬಂದಿವೆ. ಶಾಖ ಕ್ಷಣಮಾತ್ರ ಬಿದ್ದಾಗ ಲೋಹದ ಒಳಕ್ಕೆ ಹರಿಯಲು ಸಮಯವಿಲ್ಲ, ಮೇಲ್ಮೈ ಮಾತ್ರ ಕಾಯುತ್ತದೆ. ಆಗ ಉಷ್ಣತೆಯ ಏರಿಕೆ ಬಿದ್ದ ಶಕ್ತಿಯನ್ನು ಅವಧಿಯ ವರ್ಗಮೂಲದಿಂದ ಭಾಗಿಸಿದ ಪ್ರಮಾಣದಲ್ಲಿರುತ್ತದೆ. ಚದರ ಮೀಟರಿಗೆ ಅರ್ಧ ಮೆಗಾಜೂಲ್ ಅರ್ಧ ಮಿಲಿಸೆಕೆಂಡಿನಲ್ಲಿ ಬಿದ್ದರೆ ಟಂಗ್‌ಸ್ಟನ್ನಿನ ಮೇಲ್ಮೈ ಸುಮಾರು 1300 ಡಿಗ್ರಿ ಜಿಗಿಯುತ್ತದೆ. ಟಂಗ್‌ಸ್ಟನ್ ಕರಗುವುದು 3422 ಡಿಗ್ರಿಯಲ್ಲಿ. ಹಾಗಾದರೆ ಭಯವೇಕೆ ಎಂದು ಕೇಳಬಹುದು. ಆ ಮೇಲ್ಮೈ ಮೊದಲೇ ಚದರ ಮೀಟರಿಗೆ 10 ಮೆಗಾವಾಟ್ ಸತತ ಶಾಖದಡಿ ಸಾವಿರ ಡಿಗ್ರಿಯ ಆಸುಪಾಸು ಕಾದಿರುತ್ತದೆ. ಜೊತೆಗೆ ಇದು ಒಂದು ಸಲದ ಪೆಟ್ಟಲ್ಲ. ಸೆಕೆಂಡಿಗೆ 50 ಎಲ್ಮ್, 400 ಸೆಕೆಂಡಿನ ಓಟ ಎಂದರೆ ಒಂದೇ ಓಟದಲ್ಲಿ 20,000 ಪೆಟ್ಟು, ಸಾವಿರ ಓಟಕ್ಕೆ 2 ಕೋಟಿ. ಕಾದು ಹಿಗ್ಗಿ, ತಣಿದು ಕುಗ್ಗಿ ಲೋಹ ದಣಿಯುತ್ತದೆ. ಎಲೆಕ್ಟ್ರಾನ್ ಕಿರಣದಿಂದ ಲಕ್ಷಾಂತರ ಸಲ ಬಡಿದು ಮಾಡಿದ ಪ್ರಯೋಗಾಲಯ ಪರೀಕ್ಷೆಗಳಲ್ಲಿ, ಕರಗುವ ಮಿತಿಗಿಂತ ಎಷ್ಟೋ ಕೆಳಗಿನ ಪೆಟ್ಟುಗಳೇ ಟಂಗ್‌ಸ್ಟನ್ನಿನ ಮೈಯನ್ನು ಒರಟಾಗಿಸಿ ಬಿರುಕು ಬಿಡಿಸಿವೆ. ಅದಕ್ಕೇ ಈಟರ್‌ನಲ್ಲಿ ಒಂದು ಎಲ್ಮ್ ಸುಮಾರು 0.6ರಿಂದ 1 ಮೆಗಾಜೂಲ್ ಮೀರಬಾರದು ಎಂಬ ಗುರಿ. 20 ಎಲ್ಲಿ, ಒಂದು ಎಲ್ಲಿ!

ಚಪ್ಪಟೆ ಮೇಲ್ಮೈಯ ಲೆಕ್ಕ ಇದು. ನಿಜವಾದ ಡೈವರ್ಟರ್ ಚಪ್ಪಟೆಯಲ್ಲ. ಈಟರ್‌ನದು 54 ಪೆಟ್ಟಿಗೆಗಳ ಜೋಡಣೆ. ಅವುಗಳ ಮೇಲೆ ತಾಮ್ರದ ಮಿಶ್ರಲೋಹದ ನೀರಿನ ಕೊಳವೆಗೆ ಮಣಿಗಳ ಹಾಗೆ ಪೋಣಿಸಿದ ಟಂಗ್‌ಸ್ಟನ್ ಬಿಲ್ಲೆಗಳು, ಬಿಲ್ಲೆ ಬಿಲ್ಲೆಗಳ ನಡುವೆ ಅರ್ಧ ಮಿಲಿಮೀಟರಿನಷ್ಟು ಸಂದು. ಕಾಂತಗೆರೆಗಳು ಮೇಲ್ಮೈಗೆ ಕೆಲವೇ ಡಿಗ್ರಿ ಕೋನದಲ್ಲಿ, ಸಂಜೆಯ ಬಿಸಿಲಿನಂತೆ ಓರೆಯಾಗಿ ಬರುತ್ತವೆ. ಒಂದು ಬಿಲ್ಲೆ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೂ ಅದರ ಅಂಚು ನೇರ ಬಿಸಿಲಿಗೆ ಸಿಕ್ಕಿದಂತೆ. ಇದನ್ನು ತಪ್ಪಿಸಲು ಪ್ರತಿ ಬಿಲ್ಲೆಯ ತಲೆಯನ್ನು ಅರ್ಧ ಮಿಲಿಮೀಟರಿನಷ್ಟು ಓರೆಯಾಗಿ ಕೆತ್ತಿ, ಒಂದು ಇನ್ನೊಂದರ ಅಂಚನ್ನು ನೆರಳಿನಲ್ಲಿಡುವಂತೆ ಮಾಡಿದ್ದಾರೆ. 2013ರಲ್ಲಿ ಬ್ರಿಟನ್ನಿನ ಜೆಟ್ ಯಂತ್ರದಲ್ಲಿ ಬೇಕೆಂದೇ ಒಂದು ಟಂಗ್‌ಸ್ಟನ್ ಪಟ್ಟಿಯ ಅಂಚನ್ನು ಎತ್ತರಿಸಿಟ್ಟು ಎಲ್ಮ್‌ಗಳಿಗೆ ಒಡ್ಡಿದರು. ಅಂಚು ಕರಗಿತು. ಕರಗಿದ ಲೋಹ ವಿದ್ಯುತ್ ಮತ್ತು ಕಾಂತಕ್ಷೇತ್ರದ ಬಲಕ್ಕೆ ಸಿಕ್ಕು ಪಕ್ಕಕ್ಕೆ ಸರಿದು ಗಡ್ಡೆಕಟ್ಟಿತು.

ಇಷ್ಟು ಕೇಳಿದವರು ಎಲ್ಮ್‌ಗಳನ್ನು ಪೂರ್ತಿ ನಿಲ್ಲಿಸಿಬಿಡಿ ಎನ್ನುತ್ತಾರೆ. ಅಲ್ಲೊಂದು ಇಕ್ಕಟ್ಟಿದೆ. ಜಗಲಿ ಶಾಖವನ್ನು ಹಿಡಿದಿಡುವಷ್ಟೇ ಚೆನ್ನಾಗಿ ಕಸವನ್ನೂ ಹಿಡಿದಿಡುತ್ತದೆ. ಗೋಡೆಯಿಂದ ಎದ್ದ ಟಂಗ್‌ಸ್ಟನ್ ಪರಮಾಣುಗಳು ಒಳಗೆ ಸೇರಿದರೆ ಅವು ಆ ಉಷ್ಣತೆಯಲ್ಲೂ ಎಲ್ಲ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳದೆ ಎಕ್ಸ್-ಕಿರಣವಾಗಿ ಶಕ್ತಿಯನ್ನು ಸೋರಿಸುತ್ತಲೇ ಇರುತ್ತವೆ. ಲಕ್ಷಕ್ಕೆ ಬೆರಳೆಣಿಕೆಯ ಟಂಗ್‌ಸ್ಟನ್ ಪರಮಾಣು ಸೇರಿದರೆ ಸಾಕು, ಪ್ಲಾಸ್ಮಾ ನಡುವಿನಿಂದಲೇ ತಣ್ಣಗಾಗತೊಡಗುತ್ತದೆ. ಸಣ್ಣ ಎಲ್ಮ್‌ಗಳು ಈ ಕಸವನ್ನು ಆಗಾಗ ಗುಡಿಸಿ ಹೊರಹಾಕುತ್ತವೆ. ಎಲ್ಮ್ ಅಪರೂಪವಾದಾಗ ಟಂಗ್‌ಸ್ಟನ್ ಒಳಗೆ ಶೇಖರವಾಗಿ ಪ್ಲಾಸ್ಮಾ ಕುಸಿದದ್ದನ್ನು ಗಾರ್ಚಿಂಗ್‌ನ ಆಸ್‌ಡೆಕ್ಸ್ ಅಪ್‌ಗ್ರೇಡ್‌ನವರೂ ಜೆಟ್‌ನವರೂ ಕಂಡಿದ್ದಾರೆ. ಜೆಟ್‌ನಲ್ಲಿ 2011ರಿಂದ ಲೋಹದ ಗೋಡೆ ಬಂದ ಮೇಲೆ ಎಲ್ಮ್‌ಗಳ ಸಂಖ್ಯೆ ಹೆಚ್ಚಿಸಲು ಅನಿಲ ಹೆಚ್ಚು ಬಿಡಬೇಕಾಯಿತು. ಅನಿಲ ಹೆಚ್ಚಿದ್ದಕ್ಕೆ ಜಗಲಿ ತಣ್ಣಗಾಗಿ ಕುಗ್ಗಿತು, ಮೊದಲಿನ ಇಂಗಾಲದ ಗೋಡೆಯ ಕಾಲದಲ್ಲಿ ಸಿಗುತ್ತಿದ್ದ ಹಿಡಿತ ಸಿಗದಾಯಿತು. ಸಾರಜನಕ ಸ್ವಲ್ಪ ಬೆರೆಸಿದಾಗ ಜಗಲಿ ಚೇತರಿಸಿಕೊಂಡದ್ದೂ ಉಂಟು. ಆದರೆ ಇಂಧನವಾದ ಟ್ರಿಟಿಯಂ (ಹೈಡ್ರೋಜನ್ನಿನ ವಿಕಿರಣಶೀಲ ರೂಪ) ಜೊತೆ ಸಾರಜನಕ ಅಮೋನಿಯಾ ಆಗುತ್ತದೆ, ಅದನ್ನು ಬೇರ್ಪಡಿಸುವುದು ಇಂಧನ ಘಟಕಕ್ಕೆ ಹೊರೆ. ಹಾಗಾಗಿ ಈಟರ್‌ನವರ ಒಲವು ನಿಯಾನ್ ಕಡೆ. ಈಚೆಗೆ ಈಟರ್ ತನ್ನ ಒಳಗೋಡೆಯನ್ನು ಬೆರಿಲಿಯಂನಿಂದ ಟಂಗ್‌ಸ್ಟನ್‌ಗೆ ಬದಲಿಸಲು ತೀರ್ಮಾನಿಸಿತು. ವಿಷಕಾರಿ ಬೆರಿಲಿಯಂನ ಕಾಟ ತಪ್ಪಿತು ನಿಜ, ಅಂಚಿನ ಕೆಲಸ ಮಾತ್ರ ಇನ್ನಷ್ಟು ನಾಜೂಕಾಯಿತು.

ಹಾಗಾದರೆ ಉಪಾಯ? ಕುಕ್ಕರಿನ ಹೋಲಿಕೆಗೇ ಮರಳೋಣ. ಉರಿ ಅಷ್ಟೇ ಇದ್ದಾಗ ಮೂರು ದೊಡ್ಡ ಕೂಗಿನ ಬದಲು ಮೂವತ್ತು ಸಣ್ಣ ಕೂಗು ಬರಿಸಬಹುದು, ಹೊರಹೋಗುವ ಉಗಿ ಅಷ್ಟೇ. ಎಲ್ಮ್‌ಗಳಲ್ಲೂ ಅನುಭವದಿಂದ ಕಂಡುಕೊಂಡ ನಿಯಮ ಹೀಗೆಯೇ ಇದೆ: ಸೆಕೆಂಡಿಗೆ ಬರುವ ಸಂಖ್ಯೆಯನ್ನು ಒಂದೊಂದರ ಶಕ್ತಿಯಿಂದ ಗುಣಿಸಿದರೆ ಬರುವುದು ಅಂಚನ್ನು ದಾಟುವ ಶಕ್ತಿಯ ಹೆಚ್ಚುಕಡಿಮೆ ಸ್ಥಿರವಾದ ಒಂದು ಪಾಲು. ಈಟರ್‌ನಲ್ಲಿ ಅದು 30 ಮೆಗಾವಾಟ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದೂವರೆ ಎಲ್ಮ್ ಆದರೆ ಒಂದೊಂದಕ್ಕೆ 20 ಮೆಗಾಜೂಲ್, 50 ಆದರೆ 0.6. ಕೂಗಿಸುವ ವಿಧಾನ ಎಂದರೆ ಹೆಪ್ಪುಗಟ್ಟಿದ ಡ್ಯೂಟೀರಿಯಂನ (ಭಾರ ಹೈಡ್ರೋಜನ್ನಿನ) ಗುಂಡುಗಳನ್ನು ಅಂಚಿಗೆ ಹೊಡೆಯುವುದು. ಮೈನಸ್ 254 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿಸಿದ, ಮಿಲಿಮೀಟರಿನ ಆಸುಪಾಸಿನ ಗುಂಡು ಜಗಲಿಯೊಳಗೆ ಹೊಕ್ಕು ಆವಿಯಾದ ಜಾಗದಲ್ಲಿ ಒತ್ತಡ ಥಟ್ಟನೆ ಏರಿ ಎಲ್ಮ್ ಸಿಡಿಯುತ್ತದೆ. ಅಮೆರಿಕದ ಸ್ಯಾನ್ ಡಿಯೇಗೋದ ಡಿಐಐಐ-ಡಿ ಯಂತ್ರದಲ್ಲಿ 1.3 ಮಿಲಿಮೀಟರಿನ ಗುಂಡುಗಳನ್ನು ಸೆಕೆಂಡಿಗೆ 60ರಂತೆ ಹೊಡೆದು, ತಾನಾಗಿ ಬರುತ್ತಿದ್ದುದರ ಹತ್ತಕ್ಕೂ ಹೆಚ್ಚು ಪಟ್ಟು ಸಂಖ್ಯೆಯ ಎಲ್ಮ್‌ಗಳನ್ನು ಬರಿಸಿದ್ದಾರೆ. ತೊಡಕು ಬಂದದ್ದು ಲೋಹದ ಗೋಡೆಯ ಯಂತ್ರಗಳಲ್ಲಿ. ಒಂದು ಎಲ್ಮ್ ಆದ ಮೇಲೆ ಸ್ವಲ್ಪ ಹೊತ್ತು ಗುಂಡು ಹೊಡೆದರೂ ಎಲ್ಮ್ ಹುಟ್ಟುವುದಿಲ್ಲ, ಜಗಲಿ ಒಂದಿಷ್ಟು ಕಟ್ಟಿಕೊಳ್ಳುವವರೆಗೆ ಕಾಯಬೇಕು. ಶಕ್ತಿ ಕಡಿಮೆಯಾದರೂ ಅದು ಬೀಳುವ ಪಟ್ಟಿಯೂ ಕಿರಿದಾಗಿ, ಲೆಕ್ಕ ಹಾಕಿದಷ್ಟು ಲಾಭ ಸಿಗದ ಪ್ರಸಂಗಗಳಿವೆ. ಮೇಲಾಗಿ ಹೊಡೆದ ಪ್ರತಿ ಗುಂಡಿನ ಅನಿಲವನ್ನು ಪಂಪು ಹೊರಗೆಳೆಯಬೇಕು. ನಮಗೆ ಇದು ಮೊದಲ ಆಯ್ಕೆಯಾಗಿ ತೋರುವುದಿಲ್ಲ.

ಇನ್ನೊಂದು ದಾರಿ ಕುಕ್ಕರಿನ ಗ್ಯಾಸ್ಕೆಟ್ಟನ್ನು ಕೊಂಚ ಸಡಿಲಿಸಿ, ಕೂಗೇ ಬರದಂತೆ ಉಗಿಯನ್ನು ಸದಾ ಸೋರಲು ಬಿಡುವುದು. ಪಾತ್ರೆಯ ಒಳಗೆ ಅಥವಾ ಹತ್ತಿರ ತಾಮ್ರದ ಸುರುಳಿಗಳನ್ನಿಟ್ಟು, ಮುಖ್ಯ ಕ್ಷೇತ್ರದ ಸಾವಿರದಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆಯ, ಏರಿಳಿತದ ವಿನ್ಯಾಸದ ಕ್ಷೇತ್ರವೊಂದನ್ನು ಅಂಚಿಗೆ ಸೇರಿಸುತ್ತಾರೆ. ಅನುರಣನ ಕಾಂತಕದಡು ಎನ್ನಬಹುದು. ಡಿಐಐಐ-ಡಿಯಲ್ಲಿ ಟಾಡ್ ಇವಾನ್ಸ್ ಮತ್ತು ಜೊತೆಗಾರರು ಮೇಲೆ ಆರು, ಕೆಳಗೆ ಆರು ಸುರುಳಿಗಳಿಂದ ದೊಡ್ಡ ಎಲ್ಮ್‌ಗಳನ್ನು ಪೂರ್ತಿ ಅಡಗಿಸಿದ್ದನ್ನು 2004ರಲ್ಲಿ ಪ್ರಕಟಿಸಿದರು. ಬಳಿಕ ಆಸ್‌ಡೆಕ್ಸ್ ಅಪ್‌ಗ್ರೇಡ್, ದಕ್ಷಿಣ ಕೊರಿಯಾದ ಕೆಸ್ಟಾರ್, ಚೀನಾದ ಈಸ್ಟ್ ಯಂತ್ರಗಳಲ್ಲೂ ಇದು ಸಾಧ್ಯವಾಯಿತು. ಅಂಚಿನ ಗೆರೆಗಳೆಲ್ಲ ಕಲಸಿಹೋಗಿ ಶಾಖ ಸೋರುತ್ತದೆ ಎಂಬುದು ಮೊದಮೊದಲ ವಿವರಣೆ. ಆದರೆ ಮಾಪನದಲ್ಲಿ ಇಳಿದದ್ದು ಉಷ್ಣತೆಗಿಂತ ಸಾಂದ್ರತೆ. ಜಗಲಿಯ ಮೇಲಂಚಿನಲ್ಲಿ ಕಾಂತಗೆರೆಗಳು ತಮ್ಮಲ್ಲೇ ಸುತ್ತಿಕೊಂಡ ಒಂದು ಸಣ್ಣ ‘ಕಾಂತದ್ವೀಪ’ ಹುಟ್ಟಿ, ಜಗಲಿ ಒಳಕ್ಕೆ ಅಗಲವಾಗದಂತೆ ಅದೇ ಗಡಿಕಲ್ಲಾಗುತ್ತದೆ ಎಂಬುದು ಈಗ ಹೆಚ್ಚು ಒಪ್ಪಿತವಾದ ಚಿತ್ರ. ಅಗಲವಾಗಲು ಬಿಡದಿದ್ದರೆ ಅದು ಪೀಲಿಂಗ್-ಬಲೂನಿಂಗ್ ಗಡಿಯವರೆಗೆ ಏರುವುದೇ ಇಲ್ಲ.

ದ್ವೀಪ ಸರಿಯಾದ ಜಾಗದಲ್ಲಿ ಹುಟ್ಟಬೇಕೆಂದರೆ ಗೆರೆಗಳ ಹೊಸೆತ ಸುರುಳಿಗಳ ವಿನ್ಯಾಸಕ್ಕೆ ತಾಳೆಯಾಗಬೇಕು. ಗೆರೆಯೊಂದು ಅಡ್ಡಸುತ್ತು ಒಂದು ಮುಗಿಸುವಾಗ ಉದ್ದಸುತ್ತು ಎಷ್ಟು ಹಾಕುತ್ತದೆ ಎಂಬುದನ್ನು ‘ಕ್ಯೂ’ ಎಂಬ ಅಂಕಿಯಿಂದ ಹೇಳುತ್ತಾರೆ. ಎಲ್ಮ್ ಅಡಗುವುದು ಅಂಚಿನ ಕ್ಯೂ ಕೆಲವು ಕಿರಿದಾದ ಕಿಂಡಿಗಳಲ್ಲಿದ್ದಾಗ ಮಾತ್ರ. ಪ್ಲಾಸ್ಮಾ ಪ್ರವಾಹ ಸ್ವಲ್ಪ ಜಾರಿದರೂ ಕಿಂಡಿ ತಪ್ಪಿ ಎಲ್ಮ್ ಮರಳುತ್ತದೆ. ಸುರುಳಿಯ ಪ್ರವಾಹ ಕಡಿಮೆಯಾದರೆ ಪ್ಲಾಸ್ಮಾದ ತಿರುಗಾಟವೇ ಆ ಕ್ಷೇತ್ರವನ್ನು ಮರೆಮಾಡಿ ಒಳಗೆ ಬಿಡುವುದಿಲ್ಲ. ಹೆಚ್ಚಾದರೆ ಕದಡು ಒಳಗಿನವರೆಗೂ ಹೊಕ್ಕು, ಪ್ಲಾಸ್ಮಾದ ತಿರುಗಾಟ ನಿಂತು, ಇಡೀ ಪ್ಲಾಸ್ಮಾ ಕುಸಿಯಬಹುದು. ಎಲ್ಮ್‌ನಿಂದ ಪಾರಾಗಲು ಹೋಗಿ ಅದಕ್ಕಿಂತ ದೊಡ್ಡ ಆಪತ್ತನ್ನು ತಂದುಕೊಂಡ ಹಾಗೆ. ಗ್ಯಾಸ್ಕೆಟ್ ತೀರ ಸಡಿಲವಾದರೆ ಅನ್ನ ಬೇಯದು ಎಂಬಂತೆ ಸಾಂದ್ರತೆಯ ನಷ್ಟವೂ ಉಂಟು, ಎಚ್-ಮೋಡ್‌ಗೆ ಏರಲು ಬೇಕಾದ ತಾಪನವೂ ಹೆಚ್ಚುತ್ತದೆ. ಕದಡಿದ ಕ್ಷೇತ್ರ ಡೈವರ್ಟರಿನ ಮೇಲೆ ಶಾಖವನ್ನು ಸೀಳು ಸೀಳಾಗಿ ಬೀಳಿಸುತ್ತದೆ. ಅದೇ ಜಾಗ ಸುಡದಂತೆ ವಿನ್ಯಾಸವನ್ನು ನಿಧಾನ ತಿರುಗಿಸುತ್ತಿರಬೇಕು.

ಈಟರ್ ಇದಕ್ಕಾಗಿ 27 ಸುರುಳಿಗಳನ್ನು ಯೋಜಿಸಿದೆ. ಪಾತ್ರೆಯ ಒಂಬತ್ತು ಭಾಗಗಳಲ್ಲಿ ಒಂದೊಂದಕ್ಕೂ ಮೇಲೆ, ನಡುವೆ, ಕೆಳಗೆ ಎಂದು ಮೂರು. ಒಂದೊಂದು ಆರು ಸುತ್ತಿನದು, 15,000 ಆಂಪಿಯರ್ ಹರಿಯಬಲ್ಲದು. ನ್ಯೂಟ್ರಾನುಗಳ ಮಳೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಉಳಿಯದ ಕಾರಣ ಖನಿಜ ಪುಡಿಯ ಹೊದಿಕೆಯ, ಒಳಗೆ ನೀರು ಹರಿಯುವ ತಾಮ್ರದ ವಾಹಕ. ಇವು ಇರುವುದು ಗೋಡೆಯ ಫಲಕಗಳ ಹಿಂದೆ, ಪಾತ್ರೆಯ ಒಳಮೈಗೆ ಬಿಗಿದು. ಕೆಟ್ಟರೆ ಬಿಚ್ಚಿ ಸರಿಮಾಡುವುದು ಸುಲಭದ ಮಾತಲ್ಲ.

ಎಲ್ಮ್ ಹುಟ್ಟದ ಬಗೆಯ ಪ್ಲಾಸ್ಮಾಗಳನ್ನೂ ಹುಡುಕುತ್ತಿದ್ದಾರೆ. ಡಿಐಐಐ-ಡಿಯಲ್ಲಿ ಕಂಡ ಶಾಂತ ಎಚ್-ಮೋಡ್‌ನಲ್ಲಿ ಅಂಚು ಒಂದೇ ಸಮನೆ ಮೆಲ್ಲಗೆ ಗುನುಗುತ್ತ ಕಸವನ್ನು ಹೊರಗೆ ಬಿಡುತ್ತದೆ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಆಲ್ಕೇಟರ್ ಸಿ-ಮಾಡ್ ಯಂತ್ರದ ‘ಐ-ಮೋಡ್’ನಲ್ಲಿ ಶಾಖಕ್ಕೆ ತಡೆ ಇದೆ, ಕಣಗಳಿಗಿಲ್ಲ. ಈಚೆಗೆ ನಮ್ಮನ್ನು ಹೆಚ್ಚು ಸೆಳೆದಿರುವುದು ಡಿ ಆಕಾರವನ್ನೇ ತಿರುಗಿಸಿ ಮೂತಿಯನ್ನು ಒಳಕ್ಕೆ ಮಾಡುವ ಪ್ರಯೋಗ. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಟಿಸಿವಿ ಯಂತ್ರದವರು ಇದರಲ್ಲಿ ಮುಂದಾಳುಗಳು, 2023ರಲ್ಲಿ ಡಿಐಐಐ-ಡಿಯೂ ವಿಶೇಷ ಕವಚ ತೊಡಿಸಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತು. ಈ ಆಕಾರದಲ್ಲಿ ಅಂಚಿನ ಇಳಿಜಾರು ಬೇಗನೆ ಬಲೂನಿಂಗ್ ಮಿತಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಎತ್ತರದ ಜಗಲಿ ಕಟ್ಟುವುದೇ ಇಲ್ಲ, ಎಲ್ಮ್ ಕೂಡ ಇಲ್ಲ. ಹಾಗಿದ್ದೂ ಒಳಗಿನ ಸುಳಿಗಳು ತಣಿಯುವುದರಿಂದ ಹಿಡಿತ ಎಚ್-ಮೋಡ್‌ಗೆ ಹತ್ತಿರ ಬರುತ್ತದೆ. ಈಗಾಗಲೇ ಕಟ್ಟುತ್ತಿರುವ ಈಟರ್‌ಗೆ ಇದು ಉಪಯೋಗವಿಲ್ಲ, ಅದರ ಪಾತ್ರೆಯ ಆಕಾರವೇ ಬೇರೆ. ಮುಂದಿನ ಸ್ಥಾವರಗಳ ವಿನ್ಯಾಸಕರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಭಾರತದ ಮಾತು. ಗುಜರಾತಿನ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಆದಿತ್ಯ ಟೋಕಮಕ್ 1989ರಿಂದ ನಡೆದಿದೆ, 2016ರಿಂದ ಆದಿತ್ಯ-ಯು ಎಂಬ ಹೊಸ ರೂಪದಲ್ಲಿ. ಅಂಚಿನ ಸುಳಿಗಳು ಸಮವಾಗಿರದೆ ಆಗೊಮ್ಮೆ ಈಗೊಮ್ಮೆ ಗುಂಪಾಗಿ ಸಿಡಿಯುತ್ತವೆ ಎಂದು ತೋರಿಸಿದ ಪ್ರಬಂಧ 1992ರಲ್ಲೇ ಅಲ್ಲಿಂದ ಬಂತು. ಅಂಚಿಗೆ ವಿದ್ಯುದ್ವಾರ ತೂರಿಸಿ ವೋಲ್ಟೇಜ್ ಕೊಟ್ಟು ಸುಳಿಗಳನ್ನು ತಗ್ಗಿಸುವ ಪ್ರಯೋಗಗಳೂ ಅಲ್ಲಿ ನಡೆದಿವೆ. 2005ರಿಂದ ಭಾರತ ಈಟರ್‌ನ ಪಾಲುದಾರ. ನಮ್ಮವರು ಕೊಟ್ಟದ್ದರಲ್ಲಿ ಸುದ್ದಿಯಾದದ್ದು ಎಲ್ ಅಂಡ್ ಟಿ ಹಜೀರಾದಲ್ಲಿ ಮಾಡಿದ 3,850 ಟನ್ನಿನ ಕ್ರಯೋಸ್ಟಾಟ್, ಅಂದರೆ ಇಡೀ ಯಂತ್ರವನ್ನು ಸುತ್ತುವರಿಯುವ ನಿರ್ವಾತ ಪಾತ್ರೆ. ಫೋಟೊಗೆ ಅದು ಚೆನ್ನಾಗಿ ಬರುತ್ತದೆ, ಏನು ಮಾಡುವುದು. ಆದರೆ ಈ ಪತ್ರದ ವಿಷಯಕ್ಕೆ ಹತ್ತಿರವಾದ ಕೊಡುಗೆಗಳು ಬೇರೆ: ರೇಡಿಯೋ ಅಲೆಗಳ ತಾಪನಕ್ಕೆ ಬೇಕಾದ ಶಕ್ತಿಮೂಲಗಳು ಮತ್ತು ಅಂಚನ್ನು ನೋಡುವ ಎಕ್ಸ್-ಕಿರಣ ವರ್ಣಪಟಲ ಮಾಪಕ. ಪ್ಲಾಸ್ಮಾದ ನಡುವನ್ನೇ ಗುರಿಯಿಟ್ಟು ಬಿಸಿಮಾಡಿದರೆ ಒಳಗೆ ಸೇರಿದ ಟಂಗ್‌ಸ್ಟನ್ ಹೊರಕ್ಕೆ ತಳ್ಳಲ್ಪಡುತ್ತದೆ. ಆ ತಾಪನ ಬರೀ ಉಷ್ಣತೆ ಏರಿಸುವುದಕ್ಕಲ್ಲ.

ನಿಮ್ಮ ವರದಿಗಾರರಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ದಾಖಲೆಯ ಪ್ರಕಟಣೆ ಬಂದಾಗ ಅದು ಎಲ್-ಮೋಡೋ ಎಚ್-ಮೋಡೋ ಎಂದು ನೋಡಿ. ಎಚ್-ಮೋಡ್ ಆದರೆ ಎಲ್ಮ್‌ಗಳನ್ನು ಏನು ಮಾಡಿದರು, ಅಡಗಿಸಿದರೋ, ಸಣ್ಣದಾಗಿಸಿದರೋ, ಹಾಗೇ ಬಿಟ್ಟರೋ ಎಂದು ಕೇಳಿ. ಗೋಡೆ ಇಂಗಾಲದ್ದೋ ಟಂಗ್‌ಸ್ಟನ್ನಿನದೋ, ತಾಪನ ಎಷ್ಟು ಮೆಗಾವಾಟ್ ಎಂಬುದನ್ನೂ ಒಂದು ಸಾಲಿನಲ್ಲಿ ಹಾಕಿ. ಜೆಟ್ 2023ರ ಅಕ್ಟೋಬರಿನಲ್ಲಿ 69 ಮೆಗಾಜೂಲ್ ಸಮ್ಮಿಳನ ಶಕ್ತಿ ಕೊಟ್ಟು ದಾಖಲೆ ಮಾಡಿದ್ದು ಕೇವಲ ಐದಾರು ಸೆಕೆಂಡಿನ ಓಟದಲ್ಲಿ. ಸೆಕೆಂಡನ್ನಷ್ಟೇ ಎಣಿಸಿದರೆ ಅದು ಪಟ್ಟಿಯ ಕೊನೆಗೆ ಹೋಗುತ್ತದೆ.

ಇನ್ನೊಂದು ತಿದ್ದುಪಡಿ. ಅಂಚು ಒಡೆಯುತ್ತದೆ, ಸಿಡಿಯುತ್ತದೆ ಎಂದು ಬರೆದಾಗ ಓದುಗರಿಗೆ ಅಣು ಸ್ಥಾವರದ ಅವಘಡ ನೆನಪಾಗುವುದು ಸಹಜ. ಹಾಗೆ ಶೀರ್ಷಿಕೆ ಕೊಡಬೇಡಿ. ಈಟರ್‌ನ 830 ಘನ ಮೀಟರ್ ಪ್ಲಾಸ್ಮಾದಲ್ಲಿ ಒಂದು ಕ್ಷಣಕ್ಕೆ ಇರುವ ಇಂಧನ ಅರ್ಧ ಗ್ರಾಮಿಗಿಂತ ಕಡಿಮೆ. ಅಂಚು ಕೆಟ್ಟರೆ ಪ್ಲಾಸ್ಮಾ ತಣ್ಣಗಾಗಿ ಸಮ್ಮಿಳನ ನಿಲ್ಲುತ್ತದೆ. ಪೆಟ್ಟು ಬೀಳುವುದು ಊರಿಗಲ್ಲ, ಡೈವರ್ಟರಿನ ಬಿಲ್ಲೆಗಳಿಗೆ. ಅವನ್ನು ಬದಲಿಸಬೇಕೆಂದರೆ ವಿಕಿರಣದಿಂದಾಗಿ ಮನುಷ್ಯರು ಒಳಗೆ ಹೋಗುವಂತಿಲ್ಲ, ದೂರನಿಯಂತ್ರಿತ ತೋಳುಗಳು 54 ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರಗೆ ತರಬೇಕು. ಅಷ್ಟು ಕಾಲ ಯಂತ್ರ ಸುಮ್ಮನೆ ನಿಂತಿರುತ್ತದೆ.

ಇಂತಿ,
ಪ್ಲಾಸ್ಮಾ ಭೌತವಿಜ್ಞಾನದ ಇಬ್ಬರು ಓದುಗರು
ಬೆಂಗಳೂರು